ಹೆಳವರ ಪುಸ್ತಕದಲ್ಲಿ ನಮ್ಮ ಅಕ್ಕನ ಹೆಸರು ಯಾಕಿಲ್ಲ?

ಮಲಪ್ರಭಾ ದಂಡಿ (ಬೈಲಹೊಂಗಲ ತಾಲೂಕು)

ಎಲ್ಲರಿಗೂ ಶರಣು. ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹೆಳವರು, ಅಂದರೆ ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವವರು, ಬಂದಿದ್ದರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರಂತೆ, ಈ ಸಲ ಬಂದದ್ದು ಟಂಟಂ ಗಾಡಿಯಲ್ಲಿ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಕೆಂಪು ಅರಿವೆಯ ಗಂಟು ಬಿಚ್ಚಿ ಉದ್ದನೆಯ ಪುಸ್ತಕ ತೆಗೆದರು. ಅಂಚೆಲ್ಲ ಎಣ್ಣೆ ಹತ್ತಿ ಕಪ್ಪಾಗಿತ್ತು. ಮನೆದೇವರ ಹೆಸರು, ಬೆಡಗು (ಗೋತ್ರದ ಹಾಗೆ ಕುಲದೊಳಗಿನ ಗುಂಪು), ಮೂಲ ಊರು ಹೇಳಿ ಒಂದೇ ಉಸಿರಿನಲ್ಲಿ ಓದಲು ಶುರು ಮಾಡಿದರು. ಇಂಥವನಿಗೆ ಮೂವರು ಮಕ್ಕಳು, ಹಿರಿಯವನು ಇಂಥ ಊರಿಗೆ ಹೋದ, ನಡುವಿನವನಿಗೆ ಸಂತಾನ ಇಲ್ಲ, ಹೀಗೆ. ನನ್ನಿಂದ ಹಿಂದಕ್ಕೆ 10 ತಲೆಮಾರು. ನಮ್ಮಪ್ಪ ಕೈ ಮುಗಿದುಕೊಂಡು ಕೇಳಿದರು. ಅವರ ಅಜ್ಜನ ಹೆಸರು ಬಂದಾಗ ಕಣ್ಣಲ್ಲಿ ನೀರು.

ಆಮೇಲೆ ಹೊಸ ಹೆಸರು ಸೇರಿಸುವ ಹೊತ್ತು. ನನ್ನದು, ತಮ್ಮನದು, ನನ್ನ ಮಗನದು ಬರೆದುಕೊಂಡರು. ನಮ್ಮ ಅಕ್ಕ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದಳು. "ನಾನು ಈ ಮನೆಯಲ್ಲಿ ಹುಟ್ಟಿಲ್ಲವೇನು?" ಅಂದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಹೆಳವರು ಅಪ್ಪನ ಮುಖ ನೋಡಿದರು. ಅಪ್ಪ ಸುಮ್ಮನಿದ್ದರು. ಪುಸ್ತಕ ಮುಚ್ಚಿತು. ಒಂದು ಚೀಲ ಜೋಳ, ಧೋತರ, ರೊಕ್ಕ ಕೊಟ್ಟು ಕಳಿಸಿದೆವು.

ಅಂದಿನಿಂದ ಮನೆಯಲ್ಲಿ ಮಾತು ಸ್ವಲ್ಪ ಬಿಗಿ. ನನ್ನ ಪ್ರಶ್ನೆ ಇಷ್ಟೆ. ಈ ವಂಶಾವಳಿ ಅನ್ನೋದು ನಿಜಕ್ಕೂ ಏನನ್ನು ಹೇಳುತ್ತದೆ? ಹತ್ತು ಗಂಡಸರ ಹೆಸರು ಗೊತ್ತಾದರೆ ನಾನು ಯಾರು ಅಂತ ಗೊತ್ತಾಗುತ್ತದಾ?

ಎರಿಹೊಲ (ವಿಜಯಪುರ)

ತಮ್ಮಾ, ಪುಸ್ತಕ ನೋಡಿ ಕಣ್ಣೀರು ಹಾಕುವ ಅಪ್ಪ ಇದ್ದಾರಲ್ಲ, ನೀನು ಪುಣ್ಯವಂತ. ನಮ್ಮ ಕಡೆ ಹೆಳವರು ಬರುವುದೇ ನಿಂತುಹೋಗಿದೆ. ಇನ್ನೊಂದು ಮಾತು. ಕುಲ ಕೇಳಬೇಡಿ ಅಂದ ಬಸವಣ್ಣನ ಬಾಗೇವಾಡಿ ಇರುವ ಜಿಲ್ಲೆ ನಮ್ಮದು. ಆದರೂ ಹೆಣ್ಣು ನೋಡಲು ಹೋದರೆ ಚಹಾ ಬರುವ ಮೊದಲೇ "ನಿಮ್ಮ ಬೆಡಗು ಯಾವುದ್ರೀ?" ಬರುತ್ತದೆ. ವಂಶಾವಳಿಯ ಕೆಲಸ ಎರಡೇ. ಒಂದು, ಯಾರು ಯಾರನ್ನು ಮದುವೆಯಾಗಬಾರದು ಅಂತ ಹೇಳುವುದು. ಎರಡು, ಹೊಲ ಯಾರಿಗೆ ಅಂತ ಹೇಳುವುದು. ಉಳಿದದ್ದೆಲ್ಲ ಹಾಡು.

ಲೆಕ್ಕದ ಮಾಸ್ತರ (ಜಮಖಂಡಿ)

ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. ಅಪ್ಪ ಅಮ್ಮ 2. ಅಜ್ಜ ಅಜ್ಜಿಯರು 4. ಅವರ ಹಿಂದೆ 8. ಹೀಗೆ ಹತ್ತನೇ ತಲೆಮಾರಿಗೆ ಹೋದರೆ 1024 ಜನ. ಹೆಳವರ ಪುಸ್ತಕದಲ್ಲಿ ಆ ಸಾಲಿನಲ್ಲಿ ಇರುವವನು ಒಬ್ಬ. ಉಳಿದ 1023 ಜನರೂ ನಿಮಗೆ ಅಷ್ಟೇ ಹತ್ತಿರದವರು. 20 ತಲೆಮಾರಿಗೆ ಹೋದರೆ ಲೆಕ್ಕ 10 ಲಕ್ಷ ದಾಟುತ್ತದೆ.

ಆದರೆ ನಮ್ಮ ಕಡೆ ಇಷ್ಟು ಜನ ಆಗುವುದಿಲ್ಲ. ಸೋದರಮಾವನ ಮಗಳು, ಸೋದರತ್ತೆ ಮಗ ಅಂತ ಒಳಗೊಳಗೇ ಕೊಟ್ಟು ತಂದು ಮಾಡುತ್ತೇವಲ್ಲ. ಅಪ್ಪ ಅಮ್ಮ ಹಾಗೆ ಸೋದರಿಕೆಯವರಾಗಿದ್ದರೆ ಮಗುವಿಗೆ ಮುತ್ತಜ್ಜ ಮುತ್ತಜ್ಜಿಯರು 8 ಅಲ್ಲ, 6. ಅಕ್ಕನ ಮಗಳನ್ನೇ ಮಾಡಿಕೊಂಡರೆ ಇನ್ನೂ ಮಜಾ. ಮಗುವಿಗೆ ಅಜ್ಜನೂ ಅವನೇ, ಮುತ್ತಜ್ಜನೂ ಅವನೇ. ನಮ್ಮ ಮನೆಯಲ್ಲೇ ಇದೆ ಈ ಉದಾಹರಣೆ.

ಎರಿಹೊಲ

ಮಾಸ್ತರ, ಹತ್ತು ಲಕ್ಷ ಜನರಿಗೆ ಎಡೆ ಇಡಬೇಕಾದರೆ ಎಷ್ಟು ಹೋಳಿಗೆ ಆಗುತ್ತದೆ ಅದನ್ನೂ ಹೇಳಿಬಿಡಿ.

ಶಾಸನದ ಹುಚ್ಚ (ಬಾದಾಮಿ)

ಹಾಡು ಅಂದಿರಲ್ಲ ಕಾಕಾ, ರಾಜರ ಮನೆಯಲ್ಲೂ ಅದೇ ಹಾಡು. ಬಾದಾಮಿಯ 3ನೇ ಗುಹೆಯಲ್ಲಿ ಮಂಗಲೇಶನ ಶಾಸನ ಇದೆ, 578ರದ್ದು. ಅದರಲ್ಲಿ ಚಾಲುಕ್ಯರು ತಮ್ಮನ್ನು ಮಾನವ್ಯ ಗೋತ್ರದವರು, ಹಾರೀತೀಪುತ್ರರು ಅಂತ ಕರೆದುಕೊಂಡಿದ್ದಾರೆ. ಹಾರೀತಿ ಹೆಣ್ಣಿನ ಹೆಸರು. ಅಷ್ಟು ದೊಡ್ಡ ರಾಜಮನೆತನಕ್ಕೆ ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳಲು ನಾಚಿಕೆ ಇರಲಿಲ್ಲ. ಇನ್ನೊಂದು ವಿಷಯ, ಇದೇ ಬಿರುದನ್ನು ಅವರಿಗಿಂತ ಮೊದಲೇ ಬನವಾಸಿಯ ಕದಂಬರೂ ಹೇಳಿಕೊಂಡಿದ್ದರು. ಅಂದರೆ ಮೊದಲು ಆಳಿದವರ ಗೋತ್ರವನ್ನೇ ಹೊಸಬರೂ ಹೇಳಿಕೊಂಡರು ಅಂತ ನನ್ನ ಅನುಮಾನ.

ಚಾಲುಕ್ಯರು ಅಯೋಧ್ಯೆಯಿಂದ ಬಂದವರು ಅಂತ ಹೇಳುತ್ತಾರಲ್ಲ, ಆ ಮಾತು ಬಾದಾಮಿ ಚಾಲುಕ್ಯರ ಶಾಸನಗಳಲ್ಲಿ ಇಲ್ಲ. ಅವರಾದ ಎಷ್ಟೋ ಕಾಲದ ಮೇಲೆ ಬಂದ ಕಲ್ಯಾಣದ ಚಾಲುಕ್ಯರ ಕೌಠೇಂ ತಾಮ್ರಪಟದಲ್ಲಿ ನಮ್ಮ ವಂಶದ 59 ಅರಸರು ಅಯೋಧ್ಯೆಯಲ್ಲಿ ಆಳಿದರು, ಆಮೇಲೆ ದಕ್ಷಿಣಕ್ಕೆ ಬಂದೆವು ಅಂತ ಬರುತ್ತದೆ. ವರ್ಷ ಕಳೆದಂತೆ ಅಜ್ಜಂದಿರು ಕಡಿಮೆಯಾಗಬೇಕು, ಮರೆತುಹೋಗಬೇಕು. ಇಲ್ಲಿ ಜಾಸ್ತಿ ಆಗಿದ್ದಾರೆ.

ನದಾಫ ಓಣಿ (ವಿಜಯಪುರ)

ನಮ್ಮೂರ ಆದಿಲಶಾಹಿಗಳದೂ ಇದೇ ಕಥೆ ಸರ್. 1490ರಲ್ಲಿ ರಾಜ್ಯ ಶುರು ಮಾಡಿದ ಯೂಸುಫ್ ಆದಿಲ್ ಖಾನ್ ತುರ್ಕಿಯ ಸುಲ್ತಾನನ ಮಗ, ಅಣ್ಣ ಕೊಲ್ಲಿಸುತ್ತಾನೆ ಅಂತ ಹೆದರಿ ತಾಯಿ ಅವನನ್ನು ಗುಟ್ಟಾಗಿ ದಾಟಿಸಿದಳು ಅಂತ ಫಿರಿಶ್ತಾ ಬರೆದಿದ್ದಾನೆ. ಫಿರಿಶ್ತಾ ಬರೆದದ್ದು ಇದೇ ವಿಜಯಪುರದ ದರ್ಬಾರಿನಲ್ಲಿ ಕೂತು, ಅದೇ ಮನೆತನದ ಅನ್ನ ಉಂಡು. ಇತಿಹಾಸಕಾರರು ಬಹಳ ಜನ ನಂಬುವುದಿಲ್ಲ. ಗೋಳಗುಮ್ಮಟ ಕಟ್ಟಿದವರಿಗೂ "ನಾವು ದೊಡ್ಡ ಮನೆಯವರು" ಅಂತ ಹೇಳಿಸಿಕೊಳ್ಳುವ ಆಸೆ ಇತ್ತು ನೋಡಿ.

ದರ್ಗಾದ ಮನೆಯವರ ಹತ್ತಿರ ಶಿಜರಾ ಇರುತ್ತದೆ. ಗುರುವಿನಿಂದ ಗುರುವಿಗೆ, ಅಜ್ಜನಿಂದ ಅಜ್ಜನಿಗೆ ಹೆಸರು ಬರೆದ ಉದ್ದನೆಯ ಕಾಗದ. ನಾವು ಹತ್ತಿ ಹಿಂಜುವವರು. ನಮ್ಮ ಅಜ್ಜನ ಅಪ್ಪನ ಹೆಸರೇ ಯಾರಿಗೂ ಗೊತ್ತಿಲ್ಲ. ಹೊಲ ಇರಲಿಲ್ಲ, ಇನಾಮು ಇರಲಿಲ್ಲ. ಬರೆದಿಡಲು ಯಾರಿಗೆ ಬೇಕಿತ್ತು? ಎರಿಹೊಲದ ಕಾಕಾ ಹೇಳಿದ ಮಾತಿಗೆ ನನ್ನ ಓಟು.

ಕರಿಕೋಟು (ಗೋಕಾಕ)

ವಕೀಲಿ ಮಾಡುವವಳಾಗಿ ನಾಲ್ಕು ಮಾತು. ಮಲಪ್ರಭಾ ಅಣ್ಣಾರ, ನಿಮ್ಮ ಅಪ್ಪ ಯಾಕೆ ಸುಮ್ಮನಾದರು ಅಂತ ನನಗೆ ಅಂದಾಜಿದೆ. ಪುಸ್ತಕದಲ್ಲಿ ಹೆಸರು ಬಂದರೆ ನಾಳೆ ಹೊಲದಲ್ಲಿ ಪಾಲು ಕೇಳುತ್ತಾಳೆ ಅನ್ನುವ ಭಯ. ನನ್ನ ಆಫೀಸಿಗೆ ಬರುವ ಹಿರಿಯರಲ್ಲಿ ಎಷ್ಟೋ ಜನರಿಗೆ ಈ ಭಯ ಇದೆ. ಆದರೆ ಪಾಲು ಬರುವುದು ಹೆಳವರ ಪುಸ್ತಕದಿಂದ ಅಲ್ಲ, ಕಾನೂನಿನಿಂದ.

ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಅಂತ ಆಯಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯಾದವಳು, ಆಗದವಳು ಅನ್ನುವ ಭೇದ ಇಲ್ಲ. ಆ ದಿನ ಅಪ್ಪ ಬದುಕಿರಬೇಕಿತ್ತೇ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಇರಬೇಕಾಗಿಲ್ಲ, ಹುಟ್ಟಿದ್ದೇ ಸಾಕು ಅಂತ ಹೇಳಿ ಮುಗಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ವಾಟ್ನಿ (ಆಸ್ತಿ ಪಾಲು) ಆಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ.

ಈಗ ನಡೆಯುವುದೇನು? ಅಪ್ಪ ತೀರಿದ ಮೇಲೆ ವಾರಸಾ ಹಚ್ಚಲು, ಅಂದರೆ ಹೊಲದ ದಾಖಲೆಯಲ್ಲಿ ವಾರಸುದಾರರ ಹೆಸರು ಏರಿಸಲು, ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ, ಪ್ರಮಾಣಪತ್ರ, ಪಂಚರ ಸಹಿ. ಕೆಲವರು ಅಲ್ಲೇ ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುತ್ತಾರೆ. ಮನೆಯಲ್ಲಿ ಹುಟ್ಟಿದವಳನ್ನು ಕಾಗದದಲ್ಲಿ ಹುಟ್ಟಲೇ ಇಲ್ಲ ಅಂತ ಮಾಡುವುದು. ಸುಳ್ಳು ಪ್ರಮಾಣ ಅದು, ಮುಂದೆ ಕೇಸು ಬಿದ್ದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಇನ್ನು ಕೆಲವರು ಹೆಸರು ಹಾಕಿಸಿ, ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರಿಗೆ ಸೀರೆ ಉಡಿಸಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಎಕರೆಗಟ್ಟಲೆ ಹೊಲಕ್ಕೆ ಒಂದು ಇಳಕಲ್ ಸೀರೆ. ಸಹಿ ಹಾಕುವವರೂ ನಗುತ್ತಲೇ ಹಾಕುತ್ತಾರೆ, ಯಾಕೆಂದರೆ ತವರು ತಪ್ಪಬಾರದಲ್ಲ.

ಕಿತ್ತೂರ ಕಡೆಯವ

ರಕ್ತ ರಕ್ತ ಅಂತೀರಿ, ನಮ್ಮ ಸಂಸ್ಥಾನದ ಕಥೆಯನ್ನೇ ಮರೆತಿರಾ? 1824ರಲ್ಲಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿದ. ದತ್ತಕ ಮಗ ಶಿವಲಿಂಗಪ್ಪ. ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕ ನಡೆಯುವುದಿಲ್ಲ ಅಂದ. ನಡೆಯುತ್ತದೆ ಅಂತ ಚೆನ್ನಮ್ಮ ನಿಂತಳು. ಅಕ್ಟೋಬರ್ 23ಕ್ಕೆ ಥ್ಯಾಕರೆ ಕೋಟೆ ಮುಂದೆ ಸತ್ತ. ಹೊಟ್ಟೆಯಲ್ಲಿ ಹುಟ್ಟದ ಮಗನಿಗಾಗಿ ಅಷ್ಟು ದೊಡ್ಡ ಯುದ್ಧ. ವಂಶ ಅಂದರೆ ಯಾರನ್ನು ನಮ್ಮವರು ಅಂತ ಊರೆದುರು ಒಪ್ಪುತ್ತೇವೋ ಅದು.

ಎರಿಹೊಲ

ದತ್ತಕಕ್ಕೂ ಗಂಡುಹುಡುಗನನ್ನೇ ತಂದರಲ್ಲ ತಮ್ಮಾ. ಹೊರಗಿನ ಗಂಡು ಒಳಗೆ ಬರುತ್ತಾನೆ, ಒಳಗಿನ ಹೆಣ್ಣು ಹೊರಗೆ ಹೋಗುತ್ತಾಳೆ.

ಕಿತ್ತೂರ ಕಡೆಯವ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕಾಕಾ.

ಮಠದ ಓಣಿ (ಬೈಲಹೊಂಗಲ)

ವಿರಕ್ತ ಮಠಗಳನ್ನು ನೋಡಿ. ಸ್ವಾಮಿಗಳಿಗೆ ಹೆಂಡತಿ ಮಕ್ಕಳಿಲ್ಲ. ಆದರೂ ಇಷ್ಟನೇ ಪೀಠಾಧಿಪತಿ ಅಂತ ನೂರಾರು ವರ್ಷದ ಲೆಕ್ಕ ಇದೆ. ಗುರು, ಶಿಷ್ಯ, ಮತ್ತೆ ಅವನ ಶಿಷ್ಯ. ರಕ್ತವಿಲ್ಲದೆಯೂ ಪರಂಪರೆ ನಡೆಯುತ್ತದೆ. ಅಲ್ಲೂ ಆಸ್ತಿ ಇದ್ದರೆ ಜಗಳ ಇರುತ್ತದೆ ಅನ್ನುವುದು ಬೇರೆ ಮಾತು.

ತಾಯಿ ಹೆಸರಿನವ

ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಬೇಕು ಅನ್ನಿಸಿತು. ಊರು ಹೇಳುವುದಿಲ್ಲ, ಬೆಳಗಾವಿ ಜಿಲ್ಲೆ ಅಂದುಕೊಳ್ಳಿ.

ನಮ್ಮಜ್ಜಿಯ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಮನೆ ದೀಪ ಆರಬಾರದು ಅಂತ ಮಗಳನ್ನು ಎಲ್ಲಮ್ಮನಿಗೆ ದೇವದಾಸಿಯಾಗಿ ಬಿಟ್ಟರು. ಬಿಟ್ಟ ಮಗಳು ಮದುವೆಯಾಗಿ ಬೇರೆ ಮನೆಗೆ ಹೋಗುವ ಹಾಗಿಲ್ಲ. ತವರಲ್ಲೇ ಇರಬೇಕು, ಮಗನ ಹಾಗೆ. ಹೊಲವೂ ಅವಳಿಗೆ, ಅಪ್ಪ ಅಮ್ಮನ ಮುಪ್ಪೂ ಅವಳಿಗೆ. ಅವಳ ಮಕ್ಕಳೇ ಆ ಮನೆಯ ಮಕ್ಕಳು. ನಮ್ಮ ತಾಯಿಯನ್ನೂ ಬಿಟ್ಟರು. 1982ರಲ್ಲಿ ಕಾನೂನು ಮಾಡಿ ಮುತ್ತು ಕಟ್ಟುವುದನ್ನು, ಅಂದರೆ ಹೀಗೆ ದೇವರಿಗೆ ಬಿಡುವುದನ್ನು, ನಿಷೇಧಿಸಿದರು. ಕಾನೂನು ನಮ್ಮ ಓಣಿಗೆ ಬರುವ ಹೊತ್ತಿಗೆ ತಡವಾಗಿತ್ತು.

ಇಲ್ಲಿ ಎಲ್ಲರೂ ಹೆಣ್ಣಿನ ಹೆಸರು ಪುಸ್ತಕದಲ್ಲಿ ಇಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ನಮ್ಮ ಮನೆಯಲ್ಲಿ ಹೆಣ್ಣಿನ ಹೆಸರು ಬಿಟ್ಟರೆ ಬೇರೆ ಹೆಸರೇ ಇಲ್ಲ. ನಾನು, ನಮ್ಮವ್ವ, ಅವಳ ಅವ್ವ. ಆದರೆ ಅದು ಹೆಣ್ಣಿಗೆ ಕೊಟ್ಟ ಮರ್ಯಾದೆ ಅಂತ ತಿಳಿಯಬೇಡಿ. ಗಂಡಿನ ವಂಶ ನಿಲ್ಲಬಾರದು ಅಂತ ಇಬ್ಬರು ಹೆಣ್ಣುಮಕ್ಕಳ ಬದುಕನ್ನು ಒತ್ತೆ ಇಟ್ಟರು. ಸಾಲೆಯಲ್ಲಿ ಅಪ್ಪನ ಹೆಸರಿನ ಜಾಗ ಬಂದಾಗ ಮಾಸ್ತರರು ಪೆನ್ನು ಎತ್ತಿ ನನ್ನ ಮುಖ ನೋಡುತ್ತಿದ್ದರು. ಆ ನೋಟ ಇವತ್ತಿಗೂ ನೆನಪಿದೆ. ಶಾಸನದವರು ಹೇಳಿದ ಹಾರೀತೀಪುತ್ರರ ಮಾತು ನಮ್ಮವ್ವನಿಗೆ ಓದಿ ಹೇಳಿದೆ. "ರಾಜರಿಗಾದರೆ ನಡೆಯುತ್ತದೆ" ಅಂದಳು.

ಮಲಪ್ರಭಾ ದಂಡಿ

ಅಣ್ಣಾ, ಬರೆದದ್ದಕ್ಕೆ ಶರಣು. ನಮ್ಮ ಅಕ್ಕನಿಗೂ ಓದಿಸಿದೆ.

ಮುಳುಗಡೆ ಮಂದಿ (ಬಾಗಲಕೋಟೆ ನವನಗರ)

ನಾನು ಬೇರೆ ದಿಕ್ಕಿನಿಂದ ಬರುತ್ತೇನೆ. ನಮ್ಮದು ಬೀಳಗಿ ತಾಲೂಕು, ಕೃಷ್ಣಾ ದಂಡೆಯ ಹಳ್ಳಿ. ಆಲಮಟ್ಟಿ ಹಿನ್ನೀರಿಗೆ ಹೋಯಿತು. ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ, ಮುಂದೆ 524.256 ಮೀಟರ್‌ಗೆ ಏರಿಸುವ ಮಾತಿದೆ. ಈ ಅಂಕಿ ನಮ್ಮ ಮಂದಿಗೆ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಬಾಯಿಪಾಠ.

ಪರಿಹಾರದ ಹೊತ್ತಿನಲ್ಲಿ ಊರಿಗೆ ಊರೇ ವಂಶಾವಳಿ ಬರೆಸಲು ಓಡಾಡಿತು. ಅಲ್ಲಿವರೆಗೆ ಅಣ್ಣತಮ್ಮರು ಅಂತ ಬಾಯಲ್ಲಿ ಇದ್ದದ್ದು ಕಾಗದದ ಮೇಲೆ ಬಂತು. ಬರೆದ ಕೂಡಲೇ ಜಗಳವೂ ಬಂತು. ನಮ್ಮ ಅಜ್ಜನಿಗೆ ಇಬ್ಬರು ಹೆಂಡಿರು. ಕಿರಿಯಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು, ಯಾರೂ ಏನೂ ಕೇಳಿರಲಿಲ್ಲ. ರೊಕ್ಕ ಬರುತ್ತದೆ ಅಂದಾಗ ಅವರ ಹೆಸರು ಯಾವ ಟೊಂಗೆಗೆ ಅನ್ನುವ ಮಾತು ಎದ್ದಿತು. ಆಮೇಲೆ ಒಬ್ಬರು ನವನಗರ, ಇಬ್ಬರು ಬೇರೆ ಬೇರೆ ಪುನರ್ವಸತಿ ಕೇಂದ್ರ, ಒಂದು ಮನೆ ಪುಣೆ ಕಡೆಗೆ. ಮಾತೇ ನಿಂತುಹೋಯಿತು.

ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮಪ್ಪ ಹೋಗಿ ನೋಡಿ ಬರುತ್ತಾರೆ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಿರುಕು ಬಿಟ್ಟ ಕೆಸರು, ಅಲ್ಲಲ್ಲಿ ಕಟ್ಟೆಯ ಕಲ್ಲು. "ಇದು ನಮ್ಮ ಹೊಸ್ತಿಲು, ಇಲ್ಲಿ ಒಳಕಲ್ಲು, ಅಲ್ಲಿ ನಿಮ್ಮ ಮುತ್ತಜ್ಜನ ಗದ್ದುಗೆ" ಅಂತ ಹೆಜ್ಜೆ ಎಣಿಸುತ್ತಾ ತೋರಿಸಿದರು. ನನಗೆ ಕಂಡದ್ದು ಬರೀ ಕೆಸರು. ವಂಶ ಅಂದರೆ ಹೆಸರು ಅಂತ ನೀವು ಮಾತಾಡುತ್ತಿದ್ದೀರಿ. ನಮಗೆ ಅದು ಜಾಗ. ಮಣ್ಣು ಮಾಡಿದ ಜಾಗ ಹೋದ ಮೇಲೆ ಅಮಾವಾಸ್ಯೆಗೆ ಕಾಯಿ ಒಡೆಯುವುದಾದರೂ ಎಲ್ಲಿ?

ಎರಿಹೊಲ

ತಂಗೀ, ಮೂಲ ಊರು ಹುಡುಕಬೇಕಾದರೆ ಮನೆದೇವರನ್ನು ಹಿಡಿ. ಈ ನಾಡಿನಲ್ಲಿ ಒಂದೇ ಊರಲ್ಲಿ ಕೂತವರು ಕಡಿಮೆ. 1876-78ರ ಬರದಲ್ಲಿ ನಮ್ಮ ಜಿಲ್ಲೆ, ಆಗ ಕಲಾದಗಿ ಜಿಲ್ಲೆ ಅನ್ನುತ್ತಿದ್ದರು, ಅರ್ಧ ಸತ್ತಿತು, ಅರ್ಧ ಗುಳೆ ಹೋಯಿತು ಅಂತ ನಮ್ಮಜ್ಜ ಹೇಳುತ್ತಿದ್ದ. 1872ರ ಜನಗಣತಿಗೂ 1881ರದ್ದಕ್ಕೂ ಹೋಲಿಸಿದರೆ ಜನ ಭಾರಿ ಕಡಿಮೆಯಾಗಿದ್ದಾರೆ. ಊರು ಬಿಟ್ಟವರು ಹೊಲ ಬಿಟ್ಟರು, ಮನೆ ಬಿಟ್ಟರು, ದೇವರನ್ನು ಬಿಡಲಿಲ್ಲ. ಬೈಲಹೊಂಗಲದ ಕಡೆ ಇದ್ದು ತುಳಜಾಪುರಕ್ಕೆ ನಡೆದುಕೊಳ್ಳುವವರು, ಇಂಡಿಯಲ್ಲಿ ಇದ್ದು ಗೊಡಚಿ ವೀರಭದ್ರನಿಗೆ ಬರುವವರು, ಇವರೆಲ್ಲ ಎಲ್ಲಿಂದ ಬಂದವರು ಅಂತ ದಾರಿ ಅಲ್ಲೇ ಇದೆ.

ಅಡ್ಡಹೆಸರೂ ಹೇಳುತ್ತದೆ, ಆದರೆ ಅದನ್ನು ಬಹಳ ನಂಬಬೇಡ. ನಮ್ಮ ಪಕ್ಕದ ಮನೆಯವರು ಉಳ್ಳಾಗಡ್ಡಿ. ಮೂರು ತಲೆಮಾರಿನಿಂದ ಒಂದು ಗಡ್ಡೆಯನ್ನೂ ಬೆಳೆದವರಲ್ಲ.

ಹೆಳವರ ಮನೆ ಹುಡುಗ

ನಮಸ್ಕಾರ್ರಿ ಎಲ್ಲರಿಗೂ. ಯಾರೋ ಗೆಳೆಯರು ಈ ಚರ್ಚೆ ತೋರಿಸಿದರು. ನಾನು ಆ ಪುಸ್ತಕದ ಕಡೆಯವನು. ಡಿಪ್ಲೊಮಾ ಮುಗಿಸಿ ಬೆಳಗಾವಿಯಲ್ಲಿ ಫೌಂಡ್ರಿ ಕೆಲಸ ಮಾಡುತ್ತೇನೆ. ಅಪ್ಪ, ಕಾಕಾ ಇನ್ನೂ ತಿರುಗುತ್ತಾರೆ.

ಕೆಲವು ವಿಷಯ ಹೇಳುತ್ತೇನೆ. ಊರುಗಳು ನಮ್ಮೊಳಗೆ ಹಂಚಿಕೆಯಾಗಿವೆ. ಒಬ್ಬರ ಒಕ್ಕಲಿಗೆ, ಅಂದರೆ ಅವರು ವಂಶ ಬರೆಯುವ ಮನೆಗಳಿಗೆ, ಇನ್ನೊಬ್ಬರು ಹೋಗುವುದಿಲ್ಲ. ನಮ್ಮಲ್ಲೂ ಅಣ್ಣತಮ್ಮರು ಪಾಲಾದಾಗ ಹೊಲ ಹಂಚಿಕೊಳ್ಳುವುದಿಲ್ಲ, ಒಕ್ಕಲು ಮನೆಗಳನ್ನು ಹಂಚಿಕೊಳ್ಳುತ್ತೇವೆ. ಪುಸ್ತಕವೇ ನಮ್ಮ ಹೊಲ. ಹಿಂದೆ ತಾಳೆಗರಿ, ತಾಮ್ರದ ತಗಡಿನಲ್ಲಿ ಇತ್ತು. ಕಾಗದ ಬಂದ ಮೇಲೆ ಹಳೆಯದು ಹರಿದಂತೆ ಹೊಸದಕ್ಕೆ ಇಳಿಸುತ್ತಾ ಬಂದರು. ಇಳಿಸುವಾಗ ತಪ್ಪಾಗಿರಬಹುದು. ಆದರೆ ರೊಕ್ಕ ತಗೊಂಡು ಹೆಸರು ಸೇರಿಸುವುದು ನಮ್ಮ ಹಿರಿಯರಲ್ಲಿ ಮಹಾ ಪಾಪ. ಒಮ್ಮೆ ಒಬ್ಬರು ದೊಡ್ಡ ಮನುಷ್ಯರು ತಮ್ಮ ಅಜ್ಜನನ್ನು ದೇಸಾಯರ ಮನೆತನಕ್ಕೆ ಜೋಡಿಸಿ ಬರೆಯಿರಿ ಅಂತ ಕೇಳಿದ್ದರಂತೆ. ಅಪ್ಪ ಚಹಾನೂ ಕುಡಿಯದೆ ಎದ್ದು ಬಂದರು.

ಹೆಣ್ಣುಮಕ್ಕಳ ಹೆಸರು. ನಾವು ಬರೆಯುವುದಿಲ್ಲ ಅಂತ ನಿಯಮ ಇಲ್ಲ ಅಂತಾರೆ ಅಪ್ಪ. ಮನೆ ಹಿರಿಯರು ಹೇಳಿದ್ದನ್ನು ಬರೆಯುತ್ತೇವೆ. ಅವರು ಹೇಳುವುದಿಲ್ಲ. ಮಗಳನ್ನು ಕೊಟ್ಟ ಮನೆ ಇನ್ನೊಬ್ಬ ಹೆಳವರ ಒಕ್ಕಲು, ಅಲ್ಲಿ ಬರೆದುಕೊಳ್ಳುತ್ತಾರೆ ಅಂತ ಇವರು ಬಿಡುತ್ತಾರೆ. ಅಲ್ಲಿಯವರು, ಅದು ಅವಳ ತವರಿನ ಪುಸ್ತಕದ ವಿಷಯ ಅಂತ ಬಿಡುತ್ತಾರೆ. ಎರಡೂ ಕಡೆ ಇಲ್ಲ. ನಮ್ಮಜ್ಜನ ಕೈಬರಹದಲ್ಲಿ ಕೆಲವು ಮನೆಗಳಿಗೆ ಸೊಸೆಯ ತವರೂರು ಬರೆದದ್ದು ನೋಡಿದ್ದೇನೆ. ಹೆಸರಿಲ್ಲ, ಊರು ಮಾತ್ರ. ಈಗೀಗ ಒಂದೆರಡು ಮನೆಗಳಲ್ಲಿ "ಮಗಳದೂ ಬರೆಯಿರಿ, ನಮಗೆ ಇರುವವಳು ಅವಳೊಬ್ಬಳೇ" ಅಂತ ಹೇಳುತ್ತಾರಂತೆ. ಬರೆಯುತ್ತಾರೆ.

ಮಲಪ್ರಭಾ ಅಣ್ಣಾರ, ನಿಮ್ಮ ಮನೆಗೆ ಬಂದವರು ನಮ್ಮವರಲ್ಲ, ಬೇರೆ ಕಡೆಯವರು ಇರಬೇಕು. ಆದರೂ ಅವರು ಅಪ್ಪನ ಮುಖ ನೋಡಿದ್ದು ಅದಕ್ಕೇ. ನಿಮ್ಮ ಅಪ್ಪ "ಹೂಂ" ಅಂದಿದ್ದರೆ ಸಾಕಿತ್ತು.

ಮಲಪ್ರಭಾ ದಂಡಿ

ಅಪ್ಪನಿಗೆ ಇದನ್ನು ಹೇಳಿದೆ ತಮ್ಮಾ. "ಮುಂದಿನ ಸಲ ನೋಡೋಣ" ಅಂದರು. ಮುಂದಿನ ಸಲ ಅಂದರೆ ಇನ್ನೂ ಎಷ್ಟು ವರ್ಷವೋ. ಅಕ್ಕ ಕಾಯುವ ಹಾಗೆ ಕಾಣುತ್ತಿಲ್ಲ. ಅವಳೇ ಒಂದು ನೋಟ್‌ಬುಕ್ ತಂದು ಅವ್ವನನ್ನು ಕೂರಿಸಿಕೊಂಡು ಬರೆಯುತ್ತಿದ್ದಾಳೆ. ಅವ್ವನಿಗೆ ತನ್ನ ಅಜ್ಜಿಯ ಅಜ್ಜಿಯವರೆಗೆ ಹೆಸರು ಗೊತ್ತು, ಯಾರು ಯಾವ ಹೆರಿಗೆಯಲ್ಲಿ ತೀರಿದರು ಅನ್ನುವುದೂ ಗೊತ್ತು. ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ ಅಷ್ಟೆ.

ಕರಿಕೋಟು

ಬರೆದವರ ಹೆಸರು, ತಾರೀಖು, ಹೇಳಿದವರು ಯಾರು ಅನ್ನುವುದನ್ನೂ ಬರೆದಿಡಲು ಹೇಳಿ ಅಕ್ಕನವರಿಗೆ. ಮನೆಯ ಹಿರಿಯರು ಜಗಳ ಹುಟ್ಟುವ ಮೊದಲೇ ಹೇಳಿದ ಸಂಬಂಧದ ಮಾತಿಗೆ ಕೋರ್ಟಿನಲ್ಲಿ ಒಂದು ಬೆಲೆ ಇದೆ. ಅದೊಂದೇ ಸಾಕಾಗುವುದಿಲ್ಲ, ಆದರೆ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಮುಳುಗಡೆ ಮಂದಿ

ಹೆಳವರ ತಮ್ಮಾ, ಒಂದು ಕೇಳಲಾ? ಊರು ಮುಳುಗಿದ ಮೇಲೆ ನಮ್ಮ ಕಡೆ ಹೆಳವರು ಬಂದದ್ದೇ ನೋಡಿಲ್ಲ. ನಾವು ಎಲ್ಲಿ ಹೋದೆವು ಅಂತ ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ನಮ್ಮ ಹಳೇ ಊರಿನ ಪುಸ್ತಕ ಯಾರ ಹತ್ತಿರ ಇದೆ ಅಂತ ಹುಡುಕಲು ಆಗುತ್ತದಾ?

ಹೆಳವರ ಮನೆ ಹುಡುಗ

ಆಗಬಹುದು ಅಕ್ಕಾರ. ಹಳೇ ಊರಿನ ಹೆಸರು, ಮನೆದೇವರು, ಬೆಡಗು, ಅಜ್ಜನ ಹೆಸರು, ಮನೆಗೆ ಊರಲ್ಲಿ ಏನು ಅಂತ ಕರೆಯುತ್ತಿದ್ದರು, ಇಷ್ಟು ಬೇಕು. ಪಹಣಿಯ ಹೆಸರು ಬೇಡ, ಊರವರು ಕರೆಯುವ ಹೆಸರೇ ಬೇಕು. ನಮ್ಮ ಮಂದಿ ಮದುವೆ, ಜಾತ್ರೆಗೆ ಸೇರಿದಾಗ ಕೇಳಿಸುತ್ತೇನೆ. ಬೀಳಗಿ ಕಡೆಯ ಒಕ್ಕಲು ಯಾರದು ಅಂತ ಕಾಕಾಗೆ ಗೊತ್ತಿರಬೇಕು.

ಮುಳುಗಡೆ ಮಂದಿ

ಅಪ್ಪನನ್ನು ಕೇಳಿ ಎಲ್ಲ ಬರೆದು ಕಳಿಸುತ್ತೇನೆ. ಅಜ್ಜನ ಇಬ್ಬರು ಹೆಂಡಿರ ಮಕ್ಕಳನ್ನೂ ಬರೆಯುತ್ತೇನೆ, ಅಪ್ಪ ಏನಾದರೂ ಅನ್ನಲಿ. ಅತ್ತೆಯಂದಿರು ನಾಲ್ವರು ಇದ್ದಾರೆ, ಅವರದೂ ಬರೆಯಲಾ?

ಹೆಳವರ ಮನೆ ಹುಡುಗ

ಬರೆಯಿರಿ. ಕೊಟ್ಟ ಊರೂ ಬರೆಯಿರಿ. ಆ ಊರಿನ ಹೆಳವರನ್ನೂ ಹಿಡಿಯಬಹುದು.